ಕೋಬಾಲ್ಟ್ ರೂಮಿನಲ್ಲಿ ಒಂದು ನಿಮಿಷದ ಲೆಕ್ಕ

"ನನ್ನ ಒಳಗೆ ಮಲಗಿಸಿ ನೀನ್ಯಾಕವ್ವ ಓಡೋಗ್ತೀಯಾ?" ಅಂತ ಅಜ್ಜಿಯೊಬ್ಬರು ಕೇಳಿದರು. ಕರೆಂಟ್ ಇಡಿಸಿಕೊಳ್ಳಲು ಬಂದಿದ್ದರು. ನಮ್ಮ ಕಡೆ ಜನ ರೇಡಿಯೇಷನ್‌ಗೆ ಹೇಳುವುದೇ ಹಾಗೆ. "ಅಜ್ಜಿ, ಇದು ನಿಮಗೆ ಔಷಧಿ. ನೀವು ದಿನಕ್ಕೆ ಒಂದೇ ಸಲ ಬರ್ತೀರಿ. ನಾನು ನಲವತ್ತು ಸಲ ಒಳಗೆ ಬರಬೇಕಲ್ವಾ?" ಅಂದೆ. "ಹಂಗಾರೆ ಬಿರ್ರನೆ ಹೋಗು" ಅಂದರು.

ನಾನು ರೇಡಿಯೋಥೆರಪಿ ಟೆಕ್ನಾಲಜಿಸ್ಟ್, ಅಂದರೆ ಕ್ಯಾನ್ಸರ್ ರೋಗಿಗಳಿಗೆ ಕಿರಣದ ಚಿಕಿತ್ಸೆ ಕೊಡುವವಳು. ಮೊದಲ ಕೆಲವು ವರ್ಷ ಕೋಬಾಲ್ಟ್ ಮೆಷಿನ್ ಮೇಲೇ ಕೆಲಸ. ಅದರೊಳಗಿನ ಕೋಬಾಲ್ಟ್-60 ಸದಾ ಕಿರಣ ಬಿಡುವ ಲೋಹ, ಸ್ವಿಚ್ ಒತ್ತಿದರೆ ಆರುವ ದೀಪವಲ್ಲ. ಸೋರ್ಸ್ (ಆ ಕೋಬಾಲ್ಟ್ ತುಂಡು) ಮೆಷಿನ್ನಿನ ತಲೆಯೊಳಗೆ ವಾಪಸ್ ಹೋಗಿ ಕೂತರೂ ಅಲ್ಪಸ್ವಲ್ಪ ಕಿರಣ ಹೊರಗೆ ಸೋರುತ್ತಲೇ ಇರುತ್ತದೆ. ಹೊಸದಾಗಿ ಸೇರಿದವರು ಲೆಡ್ ಏಪ್ರನ್ ಕೇಳುತ್ತಾರೆ. ಎಕ್ಸ್‌ರೇ ರೂಮಿಗೆ ಅದು ಸರಿ. ಕೋಬಾಲ್ಟ್‌ನ ಗಾಮಾ ಕಿರಣಕ್ಕೆ ಅಷ್ಟು ತೆಳು ಸೀಸ ಏನೇನೂ ಸಾಲದು. ಅದಕ್ಕೇ ಆ ರೂಮಿಗೆ ಅಷ್ಟು ದಪ್ಪ ಕಾಂಕ್ರೀಟ್ ಗೋಡೆ.

ಒಂದು ದಿನ ನಮ್ಮ ಫಿಜಿಸಿಸ್ಟ್ ಸರ್ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ದಿನಕ್ಕೆ 40 ಜನ, ಒಬ್ಬರ ಸೆಟಪ್‌ಗೆ (ಮಂಚದ ಮೇಲೆ ಸರಿಯಾಗಿ ಮಲಗಿಸಲು) 3 ನಿಮಿಷ. ಅಂದರೆ ರೂಮಿನೊಳಗೆ 2 ಗಂಟೆ. ನೀನು ನಿಲ್ಲುವ ಜಾಗದಲ್ಲಿ ಗಂಟೆಗೆ 5 ಮೈಕ್ರೋಸೀವರ್ಟ್ ಅಂತಿಟ್ಟುಕೋ. (ಸೀವರ್ಟ್ ಅಂದರೆ ಮೈಗೆ ತಗಲುವ ಕಿರಣದ ಅಳತೆ; ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ.) ವರ್ಷಕ್ಕೆ 250 ದಿನ ಅಂದರೆ 2.5 ಮಿಲಿಸೀವರ್ಟ್. ನಮ್ಮ ದೇಶದಲ್ಲಿ ಈ ಕೆಲಸದವರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಗಾಬರಿ ಪಡುವಂಥದ್ದೇನಿಲ್ಲ. ಆದರೆ ಸೆಟಪ್‌ನಲ್ಲಿ ಒಂದೇ ನಿಮಿಷ ಉಳಿಸಿದರೆ ಮೂರರಲ್ಲಿ ಒಂದು ಪಾಲು ಕಡಿಮೆ!

ಆ ನಿಮಿಷ ಎಲ್ಲಿಂದ ತರುವುದು? ಲೇಸರ್ ಗೆರೆಯನ್ನು ಮೈಮೇಲಿನ ಗುರುತಿಗೆ ಕೂರಿಸುವಾಗ ಅವಸರ ಮಾಡಬಾರದು. ಅದು ರೋಗಿಯ ಪಾಲಿನ ಸಮಯ, ಮುಟ್ಟುವ ಹಾಗಿಲ್ಲ. ಹಾಗಾಗಿ ಮಿಕ್ಕಿದ್ದನ್ನೆಲ್ಲ ಬಾಗಿಲಿನಿಂದಾಚೆಗೆ ತಂದೆ. ಸಮಾಧಾನದ ಮಾತು ಬೆಂಚಿನ ಮೇಲೆ ಕೂರಿಸಿಕೊಂಡೇ ಆಗಬೇಕು. ಓಲೆ, ಸರ, ಸ್ವೆಟರ್ ಎಲ್ಲ ಅಲ್ಲೇ ತೆಗೆಯಬೇಕು. ತಲೆ ಅಲುಗದಂತೆ ಹಿಡಿದಿಡುವ ಮಾಸ್ಕ್‌ಗಳನ್ನು ಹಿಂದಿನ ಸಂಜೆಯೇ ಲಿಸ್ಟ್ ಪ್ರಕಾರ ಜೋಡಿಸಿಡುತ್ತಿದ್ದೆ. ಫೈಲ್ ಓದುವುದು, ಬರೆಯುವುದು ಹೊರಗಿನ ಕನ್ಸೋಲ್ (ಮೆಷಿನ್ ನಡೆಸುವ ಮೇಜು) ಹತ್ತಿರ ಮಾತ್ರ.

ಇನ್ನು ಬ್ಯಾಡ್ಜ್ ವಿಷಯ. ನಮಗೆ ತಗಲಿದ ಕಿರಣ ಅಳೆಯಲು ಎದೆ ಮೇಲೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್‌ನೊಳಗೆ ಮೂರು ಪುಟ್ಟ ಬಿಲ್ಲೆಗಳಿರುತ್ತವೆ. ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಹೋಗುತ್ತವೆ. ಅಲ್ಲಿ ಬಿಸಿ ಮಾಡಿದಾಗ ಬರುವ ಬೆಳಕನ್ನು ಅಳೆದು ಡೋಸ್ ಹೇಳುತ್ತಾರೆ. ಒಂದು ಸಲ ನನ್ನ ರಿಪೋರ್ಟ್‌ನಲ್ಲಿ 10 ಮಿಲಿಸೀವರ್ಟ್‌ಗಿಂತ ಜಾಸ್ತಿ ಬಂತು. ಅಷ್ಟು ಬಂದರೆ ತನಿಖೆ ಆಗಲೇಬೇಕು. ಎಲ್ಲಿ ನಿಂತಿದ್ದೆ, ಯಾವ ದಿನ ಏನಾಯಿತು, ಎಲ್ಲ ಬರೆದುಕೊಟ್ಟೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗ ಮಗಳಿಗೆ ಇನ್ನೂ ಹಾಲು ಕುಡಿಸುತ್ತಿದ್ದೆ. ಕೊನೆಗೆ ಜೊತೆಯವಳಿಗೆ ನೆನಪಾಯಿತು: "ಅಕ್ಕಾ, ಆ ಶನಿವಾರ ನಿಮ್ಮ ಕೋಟ್ ಒಳಗೇ ನೇತಾಡ್ತಿತ್ತು." ಸೆಕೆ ಅಂತ ಬಿಚ್ಚಿ ಟ್ರೀಟ್‌ಮೆಂಟ್ ರೂಮಿನ ಗೂಟಕ್ಕೆ ಹಾಕಿದ್ದೆ. ಮೆಷಿನ್ ನಡೆದಷ್ಟು ಹೊತ್ತೂ ಬ್ಯಾಡ್ಜ್ ಅಲ್ಲೇ ಇತ್ತು. ಡೋಸ್ ಬಿದ್ದದ್ದು ಕೋಟಿಗೆ, ನನಗಲ್ಲ ಅಂತ ತೀರ್ಮಾನವಾಯಿತು. ಅವತ್ತೇ ಸ್ಕ್ರೂಡ್ರೈವರ್ ತರಿಸಿ ಆ ಗೂಟ ಕೀಳಿಸಿದೆ. ಈಗ ಬ್ಯಾಡ್ಜ್‌ಗಳೆಲ್ಲ ಹೋಲಿಕೆಗೆಂದು ಯಾರೂ ಹಾಕದ ಕಂಟ್ರೋಲ್ ಬ್ಯಾಡ್ಜ್ ಜೊತೆ, ರೇಡಿಯೇಷನ್ ಇಲ್ಲದ ಕೋಣೆಯ ಒಂದೇ ಸ್ಟ್ಯಾಂಡ್‌ನಲ್ಲಿರುತ್ತವೆ. ಬಂದ ಕೂಡಲೇ ಹಾಕಿಕೊಳ್ಳಬೇಕು, ಹೋಗುವಾಗ ಅಲ್ಲೇ ಇಡಬೇಕು.

ಸೋರ್ಸ್ ವಾಪಸ್ ಒಳಗೆ ಹೋಗದೆ ಸಿಕ್ಕಿಹಾಕಿಕೊಂಡರೆ ಏನು ಮಾಡಬೇಕು ಅನ್ನುವುದನ್ನೂ ಸ್ಟಾಪ್‌ವಾಚ್ ಹಿಡಿದೇ ಕಲಿತೆವು. ನಡೆಯಬಲ್ಲ ರೋಗಿಯನ್ನು ಮೈಕ್‌ನಲ್ಲಿ ಹೊರಗೆ ಕರೆಯುವುದು. ಆಗದಿದ್ದರೆ ಬೀಮಿಗೆ ಅಡ್ಡ ಹೋಗದೆ ಮಂಚ ಎಳೆದು ಕರೆತರುವುದು. ಟಿ-ರಾಡ್ ಅನ್ನುವ ಸರಳಿನಿಂದ ಸೋರ್ಸ್ ಒಳಗೆ ತಳ್ಳುವುದು ಆಮೇಲಿನ ಮಾತು. ರೋಗಿ ಮೊದಲು.

ಈಗ ಲಿನಾಕ್ ಮೇಲಿದ್ದೇನೆ, ಅದು ವಿದ್ಯುತ್ತಿನಿಂದ ಎಕ್ಸ್‌ರೇ ಹುಟ್ಟಿಸುವ ಮೆಷಿನ್. ಬೀಮ್ ನಿಂತರೆ ಎಕ್ಸ್‌ರೇ ನಿಂತ ಹಾಗೇ. ಆದರೆ 15 ಎಂವಿಯಷ್ಟು ಹೆಚ್ಚು ಶಕ್ತಿಯ ಬೀಮ್ ಓಡಿಸಿದ ಮೇಲೆ ತಲೆಭಾಗದ ಲೋಹ ಸ್ವಲ್ಪ ಹೊತ್ತು ತಾನೇ ಕಿರಣ ಬಿಡುತ್ತದೆ. ಅದರಲ್ಲಿ ಹುಟ್ಟುವ ಅಲ್ಯೂಮಿನಿಯಂ-28 ಸುಮಾರು ಎರಡೂಕಾಲು ನಿಮಿಷಕ್ಕೊಮ್ಮೆ ಅರ್ಧವಾಗುತ್ತದೆ. ಮೊನ್ನೆ ಅಂಥ ಟ್ರೀಟ್‌ಮೆಂಟ್ ಮುಗಿದ ತಕ್ಷಣ ಟ್ರೇನಿ ಹುಡುಗಿ ತಲೆಭಾಗಕ್ಕೆ ಸಿಕ್ಕಿಸಿದ ಬ್ಲಾಕ್ ಟ್ರೇ (ಕಿರಣ ತಡೆಯುವ ತುಂಡುಗಳ ತಟ್ಟೆ) ತೆಗೆಯಲು ಹೊರಟಳು. "ಮೊದಲು ಅಮ್ಮನನ್ನ ಇಳಿಸು ಪುಟ್ಟಾ, ಟ್ರೇ ಆಮೇಲೆ" ಅಂದೆ. ಅಮ್ಮ ಚಪ್ಪಲಿ ಹುಡುಕಿ, ಸೆರಗು ಸರಿಮಾಡಿಕೊಂಡು ಹೊರಗೆ ಬರುವ ಹೊತ್ತಿಗೆ ಮೂರು ನಿಮಿಷ ಆಗಿತ್ತು.