ಪೇಂಟ್ ಹೊಡೆದು ಕೆಟ್ಟೆ, ಓಡಿಸಿ ತೋರಿಸಿ ಮಾರಿದೆ

ಮೆಷಿನ್ ಮಾರಬೇಕಾಗಿ ಬಂದದ್ದು ಬೆನ್ನುನೋವಿನಿಂದ. ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಹೆರೆಯುವ ಮೆಷಿನ್) ಮುಂದೆ ಅರ್ಧ ಗಂಟೆ ನಿಂತರೆ ಎರಡು ದಿನ ಮಲಗಬೇಕು, ಅಂಥ ಸ್ಥಿತಿ. ಶೆಡ್‌ನಲ್ಲಿ ಇದ್ದದ್ದು ನಾಲ್ಕು: ಒಂದು ಸಣ್ಣ ಲೇತ್, ಒಂದು ಪಿಲ್ಲರ್ ಡ್ರಿಲ್, ಒಂದು ಬ್ಯಾಂಡ್ ಸಾ, ಒಂದು ಬೆಂಚ್ ಗ್ರೈಂಡರ್. ಗ್ರೈಂಡರ್‌ದು ಕಥೆಯೇ ಇಲ್ಲ. ಪಕ್ಕದ ಮನೆಯವರು ಕೇಳಿದರು, ಕೊಟ್ಟೆ. ಉಳಿದ ಮೂರನ್ನು ಸಾಗಹಾಕುವಷ್ಟರಲ್ಲಿ ಸಾಕುಸಾಕಾಯಿತು.

ಮೊದಲು ಡ್ರಿಲ್. ಹಳೆಯದಾಗಿ ಕಾಣಬಾರದು ಅಂತ ಎರಡು ಭಾನುವಾರ ಕೂತು ಹಸಿರು ಪೇಂಟ್ ಹೊಡೆದೆ. ಫಳಫಳ ಅಂತಿತ್ತು. ನೋಡಲು ಬಂದ ಹುಡುಗ ಮೆಷಿನ್ ಸುತ್ತ ಒಂದು ಸುತ್ತು ಬಂದ. ಬೇಸ್ ಮೇಲೆ ಉಗುರಿನಿಂದ ಕೆರೆದ. "ಯಾಕೆ ಪೇಂಟ್ ಹೊಡೆದ್ರಿ? ಕೆಳಗೆ ಬಿರುಕು ಇದೆಯಾ?" ಅಂದ. ಬಿರುಕು ಗಿರುಕು ಏನೂ ಇರಲಿಲ್ಲ. ಆದರೆ ಇಲ್ಲ ಅಂತ ತೋರಿಸುವುದು ಹೇಗೆ? ಒಡೆದ ಬೀಡುಕಬ್ಬಿಣವನ್ನು ಬೆಸೆದು, ಮೇಲೆ ಪುಟ್ಟಿ ಮೆತ್ತಿ, ಪೇಂಟ್ ಹೊಡೆದು ಮಾರುವವರು ಇದ್ದಾರೆ. ಅವನ ಅನುಮಾನದಲ್ಲಿ ತಪ್ಪಿರಲಿಲ್ಲ. ಕೊನೆಗೆ ಮೂರನೆಯವರಿಗೆ, ಅಂದುಕೊಂಡಿದ್ದಕ್ಕಿಂತ ಕಡಿಮೆಗೆ ಕೊಟ್ಟೆ. ಪೇಂಟಿನ ದುಡ್ಡು ಸುಮ್ನೆ ಹೋಯಿತು.

ಲೇತ್‌ಗೆ ಬ್ರಷ್ ಮುಟ್ಟಿಸಲಿಲ್ಲ. ಮೂಲೆಮೂಲೆಯ ಚೂರುಗಳನ್ನು ಗುಡಿಸಿದೆ. ಸೀಮೆಎಣ್ಣೆಯಲ್ಲಿ ಜಿಡ್ಡು ಒರೆಸಿ, ತೆಳ್ಳಗೆ ಎಣ್ಣೆ ಸವರಿದೆ. ಬೆಡ್ ಮೇಲೆ, ಅಂದರೆ ಲೇತ್‌ನ ಉದ್ದನೆಯ ತಳದ ಹಳಿಯ ಮೇಲೆ, ಅಲ್ಲಲ್ಲಿ ತುಕ್ಕಿನ ಕಲೆ ಇತ್ತು. ಉಪ್ಪುಕಾಗದ ತಗೊಂಡು ಉಜ್ಜೋಣ ಅನಿಸಿದ್ದು ನಿಜ. ಉಜ್ಜಲಿಲ್ಲ. ಉದುರಿದ ಹರಳು, ಉಳಿ ಹೊತ್ತು ಬೆಡ್ ಮೇಲೆ ಜಾರುವ ಸ್ಯಾಡಲ್ ಕೆಳಗೆ ಸೇರಿದರೆ ಮೆಷಿನ್ ತನ್ನನ್ನು ತಾನೇ ತೇಯ್ದುಕೊಳ್ಳುತ್ತದೆ. ಕಲೆ ಕಲೆಯಾಗಿಯೇ ಉಳಿಯಿತು.

ಫೋಟೋದಲ್ಲೂ ಮೊದಲು ಎಡವಿದೆ. ಕತ್ತಲೆ ಶೆಡ್‌ನಲ್ಲಿ ದೂರದಿಂದ ಒಂದೇ ಫೋಟೋ ತೆಗೆದು ಹಾಕಿದ್ದೆ. ಬಂದ ಪ್ರಶ್ನೆಯೂ ಒಂದೇ: "ಲಾಸ್ಟ್ ಎಷ್ಟು?" ಒಬ್ಬರಂತೂ ಕಿಲೋ ಲೆಕ್ಕದಲ್ಲಿ ಕೇಳಿದರು. ಆಮೇಲೆ ಎಲ್ಲ ತೆಗೆದು ಹೊಸದಾಗಿ ಹಾಕಿದೆ. ಮೋಟರ್‌ನ ಪ್ಲೇಟ್, ಕೆಲಸದ ತುಂಡನ್ನು ಕಚ್ಚಿಹಿಡಿಯುವ ಚಕ್ ಹತ್ತಿರದ ಬೆಡ್, ಚಕ್ ಬಿಚ್ಚಿದ ಸ್ಪಿಂಡಲ್ (ಚಕ್ಕನ್ನು ತಿರುಗಿಸುವ ದಂಡ) ಮೂತಿ, ಬಟ್ಟೆಯ ಮೇಲೆ ಸಾಲಾಗಿ ಹರವಿದ ಗೇರುಗಳು. ಎಷ್ಟು ದಪ್ಪದ ಕೆಲಸ ಹಿಡಿಯುತ್ತದೆ, ಎಷ್ಟು ಉದ್ದ, ಸ್ಪಿಂಡಲ್ ತೂತು ಎಷ್ಟು, ಸಿಂಗಲ್ ಫೇಸ್ ಮೋಟರ್, ತೂಕ ಸುಮಾರು 180 ಕೆ.ಜಿ. ಹೀಗೆ ಎಲ್ಲ ಬರೆದೆ. ಕೆಳಗೆ ದೋಷಗಳನ್ನೂ ಬರೆದೆ. ಚಕ್ ಹತ್ತಿರ ಬೆಡ್ ಸವೆದಿದೆ. ಉಳಿಯನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ಕಾಲು ಸುತ್ತು ಖಾಲಿ ಹೋಗುತ್ತದೆ. ಒಂದು ಗೇರಿನ ಒಂದು ಹಲ್ಲು ಮುಕ್ಕಾಗಿದೆ.

"ನೀವೇ ಹೀಗೆ ಬರೆದ್ರೆ ಯಾರು ತಗೋತಾರೆ?" ಅಂದರು ಮನೆಯವರು. ಫೋನ್ ಕಡಿಮೆಯಾದದ್ದು ಹೌದು. ಆದರೆ ಮಾಡಿದವರು ಲೇತ್ ಗೊತ್ತಿದ್ದವರು.

ಅವರಲ್ಲೊಬ್ಬರು ಕೇಳಿದ ಮೊದಲ ಪ್ರಶ್ನೆಗೇ ಬೆಪ್ಪಾದೆ. "127 ಹಲ್ಲಿನ ಗೇರ್ ಇದೆಯಾ?" ನನ್ನದು ಇಂಚಿನ ಲೀಡ್ ಸ್ಕ್ರೂ (ಥ್ರೆಡ್ ಕೊಯ್ಯುವಾಗ ಸ್ಯಾಡಲ್ಲನ್ನು ಎಳೆಯುವ ಉದ್ದನೆಯ ಸ್ಕ್ರೂ) ಇರುವ ಲೇತ್. ಅದರಲ್ಲಿ ಮಿಲಿಮೀಟರ್ ಥ್ರೆಡ್ ಸರಿಯಾಗಿ ಕೊಯ್ಯಬೇಕಾದರೆ ಈ ಗೇರ್ ಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್. ಅದನ್ನು ಐದರಿಂದ ಗುಣಿಸಿದರೆ 127. ಅದಕ್ಕಿಂತ ಸಣ್ಣ ಗೇರಿನಲ್ಲಿ ಲೆಕ್ಕ ಹತ್ತಿರ ಬರುತ್ತದೆ, ಕೂಡುವುದಿಲ್ಲ. ಶೆಡ್ ಎಲ್ಲ ಜಾಲಾಡಿದೆ. ಸಿಕ್ಕಿದ್ದು ಹಿತ್ತಲಲ್ಲಿ, ಹೂವಿನ ಕುಂಡದ ಕೆಳಗೆ! ಚಪ್ಪಟೆಯಾಗಿದೆ, ಅಗಲವಾಗಿದೆ ಅಂತ ನಾನೇ ಯಾವಾಗಲೋ ಇಟ್ಟಿದ್ದೆ. ತುಕ್ಕು ಹಿಡಿದಿತ್ತು, ಹಲ್ಲೆಲ್ಲ ನೆಟ್ಟಗಿದ್ದವು.

ಆಮೇಲೆ ಬಿಡಿಭಾಗಗಳನ್ನು ಎರಡು ಗುಂಪು ಮಾಡಿದೆ. ಗೇರುಗಳು, ಸ್ಟೆಡಿ ರೆಸ್ಟ್, ಫೇಸ್ ಪ್ಲೇಟ್, ನಾಲ್ಕು ದವಡೆಯ ಚಕ್ ಈ ಲೇತ್‌ಗೇ ಕೂರುವಂಥವು. ಅವನ್ನು ಬೇರೆಬೇರೆಯಾಗಿ ಮಾರಿದರೆ ದುಡ್ಡು ಜಾಸ್ತಿ ಅಂತ ಹೇಳುವವರಿದ್ದಾರೆ. ಇರಬಹುದು. ಆದರೆ ಅವಿಲ್ಲದ ಲೇತ್ ಕುಂಟು ಕುದುರೆ, ಕೊನೆಗೆ ಗುಜರಿಗೇ. ಡ್ರಿಲ್ ಬಿಟ್, ಮೈಕ್ರೋಮೀಟರ್, ವೈಸ್ ಯಾವ ಶೆಡ್‌ನಲ್ಲೂ ನಡೆಯುತ್ತವೆ. ಅವನ್ನಷ್ಟೇ ಬೇರೆ ಮಾರಿದೆ.

ಓಡಿಸಿ ತೋರಿಸಿದ ಮೊದಲ ದಿನವೇ ಮಾನ ಹೋಯಿತು. ಬಂದವರ ಮುಂದೆ ಸ್ವಿಚ್ ಒತ್ತಿದೆ. ಮೋಟರ್ ಗುಂಯ್ ಅಂದಿತು, ತಿರುಗಲಿಲ್ಲ. ಕೆಪಾಸಿಟರ್ ಹೋಗಿತ್ತು. ಸಣ್ಣ ರಿಪೇರಿ, ಆದರೆ ಅವರು ಮತ್ತೆ ಬರಲಿಲ್ಲ. ಅಂದಿನಿಂದ ಯಾರಾದರೂ ಬರುವ ಹಿಂದಿನ ದಿನ ಓಡಿಸಿ ನೋಡುತ್ತಿದ್ದೆ. ಇನ್ನೊಬ್ಬರು "ನಾನೇ ಓಡಿಸ್ತೀನಿ" ಅಂದರು. ಚಕ್ ಬಿಗಿ ಮಾಡಿ, ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು, ಸ್ವಿಚ್ ಕಡೆ ಕೈ ಹಾಕಿದರು. ಕೈ ಹಿಡಿದು ಎಳೆದೆ. ಚಕ್ ತಿರುಗಿದ್ದರೆ ಆ ಕೀಲಿ ಯಾರ ಹಣೆಗೆ ಬಡಿಯುತ್ತಿತ್ತೋ. ಆಮೇಲೆ ಕೀಲಿ ನನ್ನ ಜೇಬಲ್ಲೇ ಇರುತ್ತಿತ್ತು, ಸ್ವಿಚ್ಚೂ ನಾನೇ ಹಾಕುತ್ತಿದ್ದೆ.

ಕೊನೆಗೆ ತಗೊಂಡವರು ಆ 127 ಹಲ್ಲಿನವರೇ. ವಯಸ್ಸಾದವರು, ಮಾತು ಕಡಿಮೆ. ಸ್ಯಾಡಲ್ಲನ್ನು ಚಕ್ ಹತ್ತಿರ ತಂದು, ಅಲ್ಲಿ ಅಲ್ಲಾಡದಂತೆ ಬಿಗಿ ಮಾಡಿ, ಹಿಂದಕ್ಕೆ ತಳ್ಳಿದರು. ಟೇಲ್‌ಸ್ಟಾಕ್ ಕಡೆ, ಅಂದರೆ ಚಕ್ಕಿನ ಎದುರು ತುದಿಗೆ, ಹೋದಂತೆ ಅದು ಗಟ್ಟಿಯಾಗಿ ಹಿಡಿಯಿತು. ಬೆಡ್ ಎಲ್ಲಿ ಸವೆದಿದೆ, ಎಲ್ಲಿ ಹೊಸದರಂತಿದೆ ಅಂತ ಹೇಳಲು ಅಷ್ಟು ಸಾಕು. ನನ್ನ ಮುಖ ನೋಡಿದರು. "ಬರೆದಿದ್ದೀನಲ್ಲ" ಅಂದೆ. ನಕ್ಕರು. ಚೌಕಾಸಿಗೆ ಅಂತ ಅವರು ಹುಡುಕಿದ ದೋಷವನ್ನು ನಾನು ಆಗಲೇ ಬೆಲೆಯಲ್ಲಿ ಕಳೆದಾಗಿತ್ತು, ಅಲ್ವಾ? ಆಮೇಲೆ ಒಂದು ಸಲಾಕೆಯನ್ನು ಲೇತ್‌ನಲ್ಲಿ ತೆಳುವಾಗಿ ಹೆರೆದೆವು. ಎರಡು ತುದಿಯಲ್ಲಿ ದಪ್ಪ ಅಳೆದರು. 100 ಮಿಲಿಮೀಟರ್ ಉದ್ದಕ್ಕೆ 0.03 ಮಿಲಿಮೀಟರ್ ವ್ಯತ್ಯಾಸ. "ನನ್ನ ಕೆಲಸಕ್ಕೆ ಸಾಕು" ಅಂದರು. ಹೇಳಿದ್ದಕ್ಕಿಂತ ಸ್ವಲ್ಪ ಇಳಿಸಿದೆ, ಸ್ವಲ್ಪವೇ.

ದುಡ್ಡು ಕೈಗೆ ಬಂದ ಮೇಲೆಯೇ ಮೆಷಿನ್ ಬಿಚ್ಚಿದೆ. ಮೊದಲೇ ಬಿಚ್ಚಿಟ್ಟರೆ ಕಬ್ಬಿಣದ ರಾಶಿ, ಯಾರು ನಂಬುತ್ತಾರೆ? ಮೋಟರ್, ಚಕ್, ಟೇಲ್‌ಸ್ಟಾಕ್ ತೆಗೆದೆವು. ವೈರುಗಳಿಗೆ ಚೀಟಿ ಅಂಟಿಸಿದೆವು. ಎತ್ತಲು ಬಂದ ಹುಡುಗರು ಹಗ್ಗವನ್ನು ಸೀದಾ ಲೀಡ್ ಸ್ಕ್ರೂಗೆ ಸುತ್ತಿದರು. ಕೂಗಿಕೊಂಡೆ. ಆ ಸ್ಕ್ರೂ ಬಾಗಿದರೆ ಮುಗಿಯಿತು. ಹಗ್ಗ ಬೆಡ್ ಕೆಳಗೆ ಹೋಗಬೇಕು. ತೂಕವೆಲ್ಲ ಚಕ್ ಕೂರುವ ಹೆಡ್‌ಸ್ಟಾಕ್ ಕಡೆಗೇ ವಾಲುವುದರಿಂದ ಸ್ಯಾಡಲ್ಲನ್ನು ಆಚೆ ತುದಿಗೆ ಸರಿಸಿ ಕಟ್ಟಿದೆವು. ನೆಲದ ಮೇಲೆ ಪೈಪ್ ತುಂಡು ಇಟ್ಟು ಉರುಳಿಸಿದೆವು. ಬೆನ್ನಿನ ನೆಪ ಹೇಳಿ ನಾನು ಬರೀ ಬಾಯಿ ಮಾಡಿದೆ.

ಬ್ಯಾಂಡ್ ಸಾ ಅದರ ಮುಂದಿನ ವಾರವೇ ಹೋಯಿತು. ಬ್ಲೇಡ್ ಸಡಿಲಿಸಿ ಕೊಟ್ಟೆ, ಅಷ್ಟೇ.

ಹತ್ತು ದಿನ ಬಿಟ್ಟು ಲೇತ್ ತಗೊಂಡವರ ಫೋನ್. ಯಾವ ಥ್ರೆಡ್‌ಗೆ ಯಾವ ಗೇರ್ ಹಾಕಬೇಕು ಅನ್ನುವ ಚಾರ್ಟ್ ಸಿಗಲಿಲ್ಲವಂತೆ. ಹೇಗೆ ಸಿಗಬೇಕು? ಅದು ಶೆಡ್‌ನ ಕಪಾಟಿನ ಬಾಗಿಲಿಗೆ ಅಂಟಿಕೊಂಡಿತ್ತು. ಕೀಳಲು ಹೋದರೆ ಹರಿಯುವ ಹಾಗಿತ್ತು. ಫೋಟೋ ತೆಗೆದು ಕಳಿಸಿದೆ. ಕಾಗದ ಇನ್ನೂ ಅಲ್ಲೇ ಇದೆ, 127 ಅನ್ನುವ ಅಂಕಿಯ ಮೇಲೆ ನನ್ನದೇ ಎಣ್ಣೆ ಬೆರಳಿನ ಗುರುತು.