ಪುಣೆಯಲ್ಲಿ ಸ್ವಂತ ಮನೆ ಕಟ್ಟಲು ಹೊರಟ ದಂಪತಿಗಳು ನಕ್ಷೆ ಬರೆಸುವ ಮೊದಲು ಮುಗಿಸಬೇಕಾದ ಕೆಲಸಗಳು

ನೌಕರಿಗೆಂದು ಪುಣೆಗೆ ಬಂದು ಇಲ್ಲಿಯೇ ನೆಲೆನಿಂತ ಕನ್ನಡಿಗ ದಂಪತಿಗಳಲ್ಲಿ ಹಲವರು ಕೆಲವು ವರ್ಷ ಫ್ಲ್ಯಾಟಿನಲ್ಲಿ ಕಳೆದ ಮೇಲೆ ವಾಘೋಲಿ, ಲೋಣಿ, ತಳೇಗಾವ್ ಅಥವಾ ಪಿರಂಗುಟ್ ಕಡೆ ಒಂದು ಜಾಗ ಕೊಂಡು ತಮ್ಮದೇ ಮನೆ ಕಟ್ಟುವ ಯೋಚನೆಗೆ ಬರುತ್ತಾರೆ. ಅಡುಗೆಮನೆ ಎಲ್ಲಿರಬೇಕು, ದೇವರಕೋಣೆ ಯಾವ ದಿಕ್ಕಿಗಿರಬೇಕು ಎಂಬ ಮಾತು ಅಂದೇ ಶುರುವಾಗುವುದು ಸಹಜ. ಆದರೆ ಜಾಗದ ಕಾಗದಪತ್ರ ಮತ್ತು ಜಾಗದ ಮಣ್ಣು ಇವೆರಡೂ ಖಚಿತವಾಗುವವರೆಗೆ ನಕ್ಷೆಗೆ ಹಣ ಸುರಿಯಬಾರದು. ಈ ಎರಡರಲ್ಲಿ ಉಳಿದ ದೋಷವನ್ನು ಮುಂದೆ ಎಷ್ಟೇ ಒಳ್ಳೆಯ ಗೌಂಡಿ ಬಂದರೂ ಸರಿಪಡಿಸಲಾರ.

ಮೊದಲು ಗಂಡ ಹೆಂಡತಿ ಇಬ್ಬರೂ ಕುಳಿತು ಹಣದ ಲೆಕ್ಕವನ್ನು ಬರೆದಿಡಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲವು 30 ಲಕ್ಷ ರೂಪಾಯಿಯವರೆಗೆ ಇದ್ದರೆ ಆಸ್ತಿಯ ಮೌಲ್ಯದ ಶೇಕಡ 90ರಷ್ಟು, 30ರಿಂದ 75 ಲಕ್ಷದವರೆಗೆ ಶೇಕಡ 80ರಷ್ಟು, ಅದಕ್ಕೂ ಮೇಲ್ಪಟ್ಟರೆ ಶೇಕಡ 75ರಷ್ಟು ಮಾತ್ರ ಸಿಗಬಹುದು. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಸಾಮಾನ್ಯವಾಗಿ ಆ ಮೌಲ್ಯದಲ್ಲಿ ಸೇರುವುದಿಲ್ಲವಾದ್ದರಿಂದ ಅವನ್ನು ಕೈಯಿಂದಲೇ ಹಾಕಬೇಕಾಗುತ್ತದೆ. ಕಟ್ಟುವ ಮನೆಗೆ ಬ್ಯಾಂಕು ಹಣವನ್ನು ಒಂದೇ ಸಲ ಕೊಡದೆ ಹಂತಹಂತವಾಗಿ, ಅದೂ ಆಗಿರುವ ಕೆಲಸವನ್ನು ನೋಡಿ ಕೊಡುತ್ತದೆ. ಹೀಗಾಗಿ ಪಾಯದ ಖರ್ಚನ್ನು ಬಹುಮಟ್ಟಿಗೆ ನೀವೇ ಹೊರಲು ಸಿದ್ಧರಿರಬೇಕು. ಅಂದಾಜಿನ ಮೇಲೆ ಕನಿಷ್ಠ ಶೇಕಡ 15ರಷ್ಟು ಹಣವನ್ನು ಮುಟ್ಟದೆ ಇಡುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ. ಇಬ್ಬರೂ ದುಡಿಯುವವರಾಗಿದ್ದರೆ ಖರೀದಿಪತ್ರದಲ್ಲಿಯೂ ಸಾಲದಲ್ಲಿಯೂ ಇಬ್ಬರ ಹೆಸರನ್ನು ಸೇರಿಸಿರಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಾಸದ ಮನೆಯ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ 2 ಲಕ್ಷ ರೂಪಾಯಿಯವರೆಗಿನ ವಿನಾಯಿತಿ ಹೀಗೆ ಮಾಡಿದರೆ ಇಬ್ಬರಿಗೂ ಬೇರೆಬೇರೆಯಾಗಿ ದೊರೆಯುತ್ತದೆ. ಸಾಲ ಪಡೆದ ಆರ್ಥಿಕ ವರ್ಷ ಮುಗಿದ ಮೇಲೆ 5 ವರ್ಷದೊಳಗೆ ಮನೆ ಪೂರ್ಣವಾಗಬೇಕೆಂಬ ಷರತ್ತು ಅದಕ್ಕಿದೆ.

ಇನ್ನು ಕಾಗದಪತ್ರ. ಕರ್ನಾಟಕದಲ್ಲಿ ಪಹಣಿ, ಖಾತೆ, ಋಣಭಾರ ಪತ್ರಗಳನ್ನು ನೋಡಿ ಬೆಳೆದವರಿಗೆ ಇಲ್ಲಿಯ ದಾಖಲೆಗಳು ಹೊಸತು. ಹಳ್ಳಿಯ ಜಮೀನಿಗೆ ಸಾತ್-ಬಾರಾ ಉತಾರಾ ಮೂಲ ದಾಖಲೆ. ಗ್ರಾಮ ನಮೂನೆ 7ರಲ್ಲಿ ಹಕ್ಕಿನ ವಿವರವೂ 12ರಲ್ಲಿ ಬೆಳೆಯ ವಿವರವೂ ಇರುತ್ತವೆ. ಸಿಟಿ ಸರ್ವೇ ಆಗಿರುವ ಕಡೆ ಅದರ ಬದಲು ಪ್ರಾಪರ್ಟಿ ಕಾರ್ಡ್ ಇರುತ್ತದೆ. ಸಾತ್-ಬಾರಾ ಕೈಗೆ ಬಂದಾಗ ಮಾಲೀಕನ ಹೆಸರು ಮತ್ತು ಕ್ಷೇತ್ರಫಲವನ್ನಷ್ಟೇ ನೋಡಿ ಮಡಚಿಡಬೇಡಿ. ಭೋಗವಟಾದಾರ (ಹಿಡುವಳಿದಾರ) ವರ್ಗ 1 ಎಂದಿದೆಯೋ 2 ಎಂದಿದೆಯೋ ನೋಡಿರಿ. ವರ್ಗ 2ರ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ‘ಇತರ ಹಕ್ಕು’ ಎಂಬ ಅಂಕಣವನ್ನು ಇನ್ನೂ ನಿಧಾನವಾಗಿ ಓದಿರಿ, ಏಕೆಂದರೆ ಬ್ಯಾಂಕಿನ ಬೋಜಾ (ಸಾಲದ ಹೊರೆ), ಕುಳದ (ಗೇಣಿದಾರನ) ಹೆಸರು, ಮಾರಾಟಕ್ಕಿರುವ ನಿರ್ಬಂಧ ಇವೆಲ್ಲ ಅಲ್ಲಿಯೇ ಕುಳಿತಿರುತ್ತವೆ. ಅದರಲ್ಲಿ ನಮೂದಾಗಿರುವ ಒಂದೊಂದು ಫೇರಫಾರ್ (ಹಕ್ಕು ಬದಲಾವಣೆ) ಸಂಖ್ಯೆಯ ಹಿಂದೆಯೂ ಒಂದು ಮಾರಾಟವೋ ಒಂದು ವಾರಸಾ ದಾಖಲೆಯೋ ಇರುತ್ತದೆ. ಅವನ್ನೆಲ್ಲ ತೆಗೆಸಿ, ಕನಿಷ್ಠ 30 ವರ್ಷದ ಸರ್ಚ್ ರಿಪೋರ್ಟನ್ನು (ಜಾಗದ ಹಿಂದಿನ ವ್ಯವಹಾರಗಳ ತಪಾಸಣೆಯ ವರದಿಯನ್ನು) ವಕೀಲರಿಂದ ಬರೆಸಿಕೊಳ್ಳಬೇಕು. ಆ ವಕೀಲರು ಮಾರುವವನು ತೋರಿಸಿಕೊಟ್ಟವರಾಗಿರದೆ ನೀವೇ ಹುಡುಕಿದವರಾಗಿರಲಿ. ಮರಾಠಿ ಬಾರದೆಂದು ಹಿಂಜರಿಯಬೇಕಿಲ್ಲ. ಶಾಲೆಯಲ್ಲಿ ಹಿಂದಿ ಕಲಿತವರಿಗೆ ಲಿಪಿ ಗೊತ್ತೇ ಇದೆ, ನಿಧಾನವಾಗಿ ಓದಿದರೆ ಅರ್ಥವೂ ಆಗುತ್ತದೆ. ಇಬ್ಬರೂ ಓದುವುದು ಒಳ್ಳೆಯದು, ಒಬ್ಬರ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಕೃಷಿ ಜಮೀನಿನ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಚ್ಚರ ವಹಿಸಬೇಕು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹಾಗಲ್ಲ, 1948ರ ಕುಳ ಕಾನೂನಿನ 63ನೇ ಕಲಮಿನಂತೆ ಶೇತಕರಿ ಅಲ್ಲದವರು ಅನುಮತಿಯಿಲ್ಲದೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಪುಣೆಯ ಸುತ್ತ ‘ಒಂದು ಗುಂಟೆ, ಎರಡು ಗುಂಟೆ ಬಂಗಲೆ ಪ್ಲಾಟ್’ ಎಂಬ ಫಲಕಗಳು ಬೇಕಾದಷ್ಟಿವೆ. ಒಂದು ಗುಂಟೆ ಎಂದರೆ 1089 ಚದರ ಅಡಿ. ಇಂಥ ಎಷ್ಟೋ ಪ್ಲಾಟುಗಳಿಗೆ ಮಂಜೂರಾದ ಲೇಔಟ್ ಇರುವುದಿಲ್ಲ. ಹತ್ತಾರು ಖರೀದಿದಾರರ ಹೆಸರು ಒಂದೇ ಉತಾರೆಯಲ್ಲಿ ಒಟ್ಟಾಗಿ ಸೇರಿಕೊಂಡು, ಯಾರ ಪಾಲು ಎಲ್ಲಿ ಎಂಬುದಕ್ಕೆ ಸರಕಾರದ ಗಡಿಯೇ ಇರುವುದಿಲ್ಲ. ಬೆಲೆ ಕಡಿಮೆಯೆಂದು ಇದರಲ್ಲಿ ಕೈ ಹಾಕಿದರೆ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ, ಕಟ್ಟಡದ ಪರವಾನಗಿಯೂ ಸಿಗುವುದು ಕಷ್ಟ. ಬಿನ್‌ಶೇತಿ (ಕೃಷಿಯೇತರ) ಆಗಿರುವ, ಲೇಔಟ್ ಮಂಜೂರಾಗಿರುವ, ಪ್ರತ್ಯೇಕ ಉತಾರೆಯಿರುವ ಪ್ಲಾಟು ಚಿಕ್ಕದಾದರೂ ಅದನ್ನೇ ಆಯ್ದುಕೊಳ್ಳಿರಿ.

ಪೂರ್ತಿ ಹಣ ಕೊಡುವ ಮೊದಲು ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯಿಂದ ಮೋಜಣಿ (ಅಳತೆ) ಮಾಡಿಸುವಂತೆ ಮಾರುವವರನ್ನು ಒಪ್ಪಿಸಬೇಕು. ಅಳತೆಯ ನಂತರ ಸಿಗುವ ‘ಕ’ ಪ್ರತಿಯ ನಕ್ಷೆಯೇ ಮುಂದೆ ನೆರೆಯವರೊಡನೆ ಗಡಿಯ ತಕರಾರು ಬಂದಾಗ ನಿಮ್ಮ ಆಧಾರ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇಕಡ 1ರಷ್ಟು ತೆರಿಗೆಯನ್ನು ಕಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದೇ ಎಂಬುದೂ ನೆನಪಿರಲಿ.

ಜಾಗ ಎಲ್ಲಿದೆ ಎಂಬುದರ ಮೇಲೆ ಪುಣೆ ಮಹಾನಗರಪಾಲಿಕೆ, ಪಿಂಪ್ರಿ-ಚಿಂಚವಡ ಪಾಲಿಕೆ ಅಥವಾ ಪಿ.ಎಂ.ಆರ್.ಡಿ.ಎ. (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಇವುಗಳಲ್ಲೊಂದರಿಂದ, ಆ ಜಾಗವನ್ನು ಯಾವ ಬಳಕೆಗೆ ಗೊತ್ತುಪಡಿಸಲಾಗಿದೆ ಎಂದು ತಿಳಿಸುವ ಝೋನ್ ದಾಖಲೆ ಪಡೆಯಿರಿ. ಗುಡ್ಡದ ಇಳಿಜಾರು, ವಿಮಾನ ನಿಲ್ದಾಣ ಹಾಗೂ ಸೇನೆಯ ನೆಲೆಗಳ ಸುತ್ತಲಿನ ಪಟ್ಟಿಯಲ್ಲಿ ನಿರ್ಬಂಧಗಳಿವೆ. ನದಿಯ ಹತ್ತಿರದ ಜಾಗವಾದರೆ ನೀಲಿ ರೇಖೆ ಮತ್ತು ಕೆಂಪು ರೇಖೆ ಎಲ್ಲಿ ಹಾದುಹೋಗಿವೆಯೆಂದು ನಕಾಶೆಯಲ್ಲಿ ನೋಡಲೇಬೇಕು. ಮೊದಲನೆಯದು 25 ವರ್ಷಕ್ಕೊಮ್ಮೆ ಬರಬಹುದಾದ ಮಹಾಪೂರದ ಗಡಿ, ಎರಡನೆಯದು 100 ವರ್ಷಕ್ಕೊಮ್ಮೆ ಬರಬಹುದಾದುದರ ಗಡಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಊರೊಳಗೆ ನುಗ್ಗಿದ್ದನ್ನು ಪುಣೆ ಮರೆತಿಲ್ಲ. ಹೊಳೆಯ ನೋಟಕ್ಕೆ ಮನಸೋತು ಜಾಗ ಕೊಳ್ಳುವವರು ಇದನ್ನು ನೆನೆಯಬೇಕು.

ಮಣ್ಣಿನ ಪರೀಕ್ಷೆಯನ್ನು ಬಹಳ ಜನ ಅನಾವಶ್ಯಕ ಖರ್ಚೆಂದು ಬಿಟ್ಟುಬಿಡುತ್ತಾರೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ವಿಜಯಪುರ, ಕಲಬುರಗಿ ಕಡೆಯವರಿಗೆ ಎರೆಮಣ್ಣಿನ ಗುಣ ಹೇಳಿಕೊಡಬೇಕಿಲ್ಲ: ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಸೋಲಾಪುರ ರಸ್ತೆಯ ಕಡೆಯ ಕಬ್ಬಿನ ಹೊಲಗಳು ಪ್ಲಾಟುಗಳಾಗುತ್ತಿರುವಲ್ಲಿ ಅದೇ ಕಪ್ಪು ಮಣ್ಣು ಸಿಗುತ್ತದೆ. ಅದರ ಮೇಲೆ ಪಾಯ ನಿಲ್ಲಿಸಿದರೆ ಗೋಡೆ ಬಿರುಕು ಬಿಡುವುದು ತಪ್ಪದು. ಆ ಪದರವನ್ನು ದಾಟಿ ಕೆಳಗಿನ ಗಟ್ಟಿ ಮುರುಮಿನವರೆಗೋ ಬಂಡೆಯವರೆಗೋ ಪಾಯವನ್ನು ಇಳಿಸಬೇಕು, ಇಲ್ಲವೇ ಅಂಥ ಮಣ್ಣಿಗೆಂದೇ ಇರುವ ಪೈಲ್ ಪಾಯವನ್ನು ಎಂಜಿನಿಯರರು ಸೂಚಿಸಬೇಕು. ಪಶ್ಚಿಮದ ಗುಡ್ಡಗಳ ಕಡೆ ಬಂಡೆ ಮೇಲೆಯೇ ಸಿಗುವುದುಂಟು. ಅಲ್ಲಿ ನೆಲ ಗಟ್ಟಿಯಾದರೂ ಒಡೆಯುವ ಖರ್ಚು ಬೇರೆ. ಪ್ಲಾಟಿನ ಎರಡು ಮೂರು ಕಡೆ ಆಳವಾದ ಗುಂಡಿ ತೋಡಿಸಿ, ನೆಲದ ಭಾರ ಹೊರುವ ಶಕ್ತಿಯ ವರದಿಯನ್ನು ಸ್ಟ್ರಕ್ಚರಲ್ ಎಂಜಿನಿಯರರ ಕೈಗೆ ಕೊಡಿರಿ. 1967ರ ಕೋಯ್ನಾ ಭೂಕಂಪವನ್ನೂ 1993ರ ಕಿಲ್ಲಾರಿಯನ್ನೂ ಕಂಡ ರಾಜ್ಯವಿದು, ಆದ್ದರಿಂದ ಒಂದಂತಸ್ತಿನ ಮನೆಯಾದರೂ ಕಂಬ, ತೊಲೆ, ಕಬ್ಬಿಣದ ಲೆಕ್ಕವನ್ನು ಗೌಂಡಿಯ ಅಂದಾಜಿಗೆ ಬಿಡಬಾರದು.

ಇಷ್ಟಾದ ಮೇಲೆ ನಕ್ಷೆ. ಮುಂಬಯಿಯನ್ನು ಬಿಟ್ಟು ರಾಜ್ಯದ ಬಹುಭಾಗಕ್ಕೆ 2020ರ ಡಿಸೆಂಬರಿನಲ್ಲಿ ಮಂಜೂರಾದ ಏಕೀಕೃತ ಕಟ್ಟಡ ನಿಯಮಾವಳಿ ಅನ್ವಯಿಸುತ್ತದೆ. 150 ಚದರ ಮೀಟರ್‌ವರೆಗಿನ ಪ್ಲಾಟಿಗೆ, ಪರವಾನಾಧಾರಿ ತಜ್ಞರು ಪ್ರಮಾಣೀಕರಿಸಿದ ನಕ್ಷೆಯನ್ನು ಶುಲ್ಕದೊಡನೆ ಸಲ್ಲಿಸಿದರೆ ಆ ಪಾವತಿಯೇ ಪರವಾನಗಿಯಾಗುತ್ತದೆ. 150ರಿಂದ 300 ಚದರ ಮೀಟರಿನವರಿಗೆ 10 ದಿನದೊಳಗೆ ಪರವಾನಗಿ ಕೊಡುವ ವ್ಯವಸ್ಥೆಯಿದೆ. ಅದು ಕೈಗೆ ಬಂದ ನಂತರವೇ ಭೂಮಿಪೂಜೆಯ ಮುಹೂರ್ತ ಕೇಳಿರಿ. ಮನೆ ಮುಗಿದ ಮೇಲೆ ಭೋಗವಟಾ ಪತ್ರ (ವಾಸಕ್ಕೆ ಅನುಮತಿಯ ಪತ್ರ) ಪಡೆಯುವವರೆಗೂ ಮಂಜೂರಾದ ನಕ್ಷೆಯಿಂದ ಸರಿಯಬೇಡಿ.

ಪುಣೆಯ ಕಟ್ಟಡ ಕೆಲಸದಲ್ಲಿ ಉತ್ತರ ಕರ್ನಾಟಕದ ಗೌಂಡಿಗಳೂ ಕೂಲಿಗಳೂ ಬಹಳ ಮಂದಿ ಇದ್ದಾರೆ. ನಮ್ಮೂರಿನವರೆಂಬ ವಿಶ್ವಾಸ ಒಳ್ಳೆಯದೇ, ಆದರೂ ಕರಾರು ಬರಹದಲ್ಲಿರಲಿ: ದರ ಸಾಮಗ್ರಿ ಸಹಿತವೋ ಬರೀ ಮಜೂರಿಯೋ, ಸಿಮೆಂಟು ಮತ್ತು ಕಬ್ಬಿಣ ಯಾವ ದರ್ಜೆಯವು, ಯಾವ ಹಂತಕ್ಕೆ ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಕಾಂಕ್ರೀಟಿಗೆ ನೀರು ಹೊಡೆಯುವ ಅವಧಿಯನ್ನೂ ಬರೆಸಿರಿ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿ.ಪಿ.ಸಿ.ಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. ದಸರೆಯ ಹೊತ್ತಿಗೆ ಪಾಯ ತೋಡಲು ಶುರುಮಾಡಿದರೆ ಜೂನಿನ ಮಳೆಗೆ ಮೊದಲು ಸ್ಲ್ಯಾಬ್ ಮುಗಿಸಲು ಸಮಯ ಸಿಗುತ್ತದೆ. ಆದರೆ ಆ ಲೆಕ್ಕದಲ್ಲಿ ಸ್ಲ್ಯಾಬಿನ ಕೆಲಸ ಬಹುಶಃ ಏಪ್ರಿಲ್, ಮೇ ತಿಂಗಳಿಗೆ ಬೀಳುತ್ತದೆ, ಪುಣೆಯ ಸುತ್ತಿನ ಹಳ್ಳಿಗಳಲ್ಲಿ ನೀರಿನ ಟ್ಯಾಂಕರಿಗೆ ಹೆಚ್ಚು ಬೇಡಿಕೆಯಿರುವ ಕಾಲವೂ ಅದೇ. ಆದ್ದರಿಂದ ನೀರು ಬೋರಿನಿಂದಲೋ ಟ್ಯಾಂಕರಿನಿಂದಲೋ, ಅದರ ಖರ್ಚು ಗುತ್ತಿಗೆದಾರನದೋ ನಿಮ್ಮದೋ ಎಂಬುದನ್ನು ಕರಾರಿಗೆ ಸಹಿ ಹಾಕುವ ದಿನವೇ ತೀರ್ಮಾನಿಸಿಕೊಳ್ಳಿರಿ.