ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ

ಸಿಂಗಪುರದ ಆಸ್ಪತ್ರೆಯೊಂದರ ಕಿಡ್ನಿ ವಿಭಾಗಕ್ಕೆ ಸೇರಿದ ಮೊದಲ ವರ್ಷ ಪ್ರತಿ ಹೊಸ ರೋಗಿಗೂ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ?" ಹೆಚ್ಚಿನವರು ಇಲ್ಲ ಎನ್ನುತ್ತಿದ್ದರು. ನಾನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮಲೆನಾಡಿನ ಅಜ್ಜಿಯನ್ನು "ಔಷಧಿ ಕುಡಿಯುತ್ತೀರಾ" ಎಂದು ಕೇಳಿದರೆ ಬೆಳಗಿನ ಕಷಾಯವನ್ನು ಆಕೆ ಲೆಕ್ಕಕ್ಕೆ ಹಿಡಿಯುತ್ತಾಳೆಯೇ? ಔಷಧಿ ಎಂದರೆ ಡಾಕ್ಟರು ಕೊಟ್ಟದ್ದು. ಒಲೆಯ ಮೇಲೆ ಕುದಿಯುವುದು ಮನೆಯದು.

ಇದು ನನಗೆ ಅರ್ಥವಾದದ್ದು ಅರವತ್ತು ದಾಟಿದ ಒಬ್ಬ ಹೆಂಗಸಿನಿಂದ. ಆಕೆಗೆ ಹೊಕ್ಕಿಯನ್ ಎಂಬ ಚೀನೀ ನುಡಿ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ನಮ್ಮೂರಿನ ಲೆಕ್ಕದಲ್ಲಿ 3.8 ಇತ್ತು, ಇರಬೇಕಾದದ್ದು ಒಂದರ ಆಸುಪಾಸು. ಸಕ್ಕರೆ ಕಾಯಿಲೆ ಇರಲಿಲ್ಲ, ರಕ್ತದೊತ್ತಡ ಹೆಚ್ಚುಕಡಿಮೆ ಸರಿಯಾಗಿತ್ತು. ಮೂತ್ರದಲ್ಲಿ ಪ್ರೋಟೀನ್ ತೀರಾ ಕಡಿಮೆ. ರಕ್ತದಲ್ಲಿ ಸಕ್ಕರೆ ಸರಿಯಿದ್ದರೂ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತಿತ್ತು. ಕಿಡ್ನಿ ಹಾಳಾದ ಮಟ್ಟಕ್ಕೆ ಹೋಲಿಸಿದರೆ ರಕ್ತಹೀನತೆ ತುಂಬಾ ಹೆಚ್ಚಾಗಿತ್ತು. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿಗಳು ಸುಕ್ಕುಗಟ್ಟಿ ಚಿಕ್ಕದಾಗಿದ್ದವು. ಇಂದು ಈ ಚಿತ್ರವನ್ನು ನೋಡಿದರೆ ನನಗೆ ತಕ್ಷಣ ಒಂದು ಗಿಡದ ಹೆಸರು ನೆನಪಾಗುತ್ತದೆ. ಅಂದು ನಾನು "ಕಾರಣ ತಿಳಿಯದ ದೀರ್ಘಕಾಲದ ಕಿಡ್ನಿ ಕಾಯಿಲೆ" ಎಂದು ಬರೆದು ಕಬ್ಬಿಣದ ಚುಚ್ಚುಮದ್ದು ಕೊಟ್ಟು ಕಳಿಸಿದೆ.

ಆರು ತಿಂಗಳ ನಂತರ ಆಕೆಯ ಮೂತ್ರದಲ್ಲಿ ರಕ್ತ ಕಾಣಿಸಿತು. ಆ ದಿನ ಭಾಷಾಂತರಕ್ಕೆ ಕುಳಿತಿದ್ದ ಹಿರಿಯ ನರ್ಸ್ ನನ್ನ ಪ್ರಶ್ನೆಯನ್ನು ಅನುವಾದ ಮಾಡದೆ ತನ್ನದೇ ಪ್ರಶ್ನೆ ಕೇಳಿದರು: "ಆಂಟಿ, ಮೈ ಉಷ್ಣವಾದಾಗ ಏನು ತೆಗೆದುಕೊಳ್ಳುತ್ತೀರಿ?" ಆಕೆಯ ಮುಖ ಅರಳಿತು. ಬಾಯಿ ಕಹಿಯಾದಾಗ, ಕಣ್ಣು ಕೆಂಪಾದಾಗ ಲುಂಗ್‌ದಾನ್ ಶಿಯೆಗಾನ್ ಎಂಬ ಕರಿಗುಳಿಗೆ. ತೊಂಬತ್ತರ ದಶಕದಲ್ಲಿ ಚೀನಾದ ಫೂಚಿಯನ್ ಪ್ರಾಂತ್ಯದ ತವರಿಗೆ ಹೋದಾಗಲೆಲ್ಲ ಡಬ್ಬಿಗಟ್ಟಲೆ ತಂದಿಟ್ಟುಕೊಂಡು ವರ್ಷಗಟ್ಟಲೆ ನುಂಗಿದ್ದರು.

ಆ ಗುಳಿಗೆಯನ್ನು ಮಾಡುವ ಮೂಲ ಸೂತ್ರದಲ್ಲಿ ದೋಷವಿರಲಿಲ್ಲ. ಅದರಲ್ಲಿ ಮುತೋಂಗ್ ಎಂಬ ಬಳ್ಳಿಯ ಕಾಂಡ ಬೀಳುತ್ತದೆ. ಆದರೆ ಮುತೋಂಗ್ ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಗಿಡಗಳು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಒಂದಾದ ಗುವಾನ್ ಮುತೋಂಗ್ ಅರಿಸ್ಟೊಲೋಕಿಯ ಎಂಬ ವಿಷದ ಗಿಡಗಳ ಕುಲದ್ದು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯ ನಾಳಗಳ ಜೀವಕೋಶಗಳಿಗೆ ಹೋಗಿ ಡಿಎನ್‌ಎಗೇ ಅಂಟಿಕೊಳ್ಳುತ್ತದೆ. ಗುಳಿಗೆ ನಿಲ್ಲಿಸಿ ಹತ್ತಾರು ವರ್ಷವಾದರೂ ಆ ಗುರುತು ಅಲ್ಲೇ ಉಳಿದಿರುತ್ತದೆ. ಚೀನಾ ಸರ್ಕಾರ 2003ರಲ್ಲಿ ಗುವಾನ್ ಮುತೋಂಗ್ ಬಳಕೆಯನ್ನು ರದ್ದು ಮಾಡಿತು. ನಮ್ಮ ಆಂಟಿ ಅದಕ್ಕೂ ಮೊದಲೇ ತಮ್ಮ ಪಾಲಿನದನ್ನು ನುಂಗಿ ಮುಗಿಸಿದ್ದರು. ಡಿಎನ್‌ಎಗೆ ಆದ ಅಂಥ ಗಾಯ ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಆಕೆಯ ಮೂತ್ರನಾಳದಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತು. ಎರಡೂ ಕಿಡ್ನಿಗಳನ್ನು ತೆಗೆಯಬೇಕಾಯಿತು, ಡಯಾಲಿಸಿಸ್ ಶುರುವಾಯಿತು. ಮೊದಲ ದಿನವೇ ಸರಿಯಾಗಿ ಕೇಳಿದ್ದರೆ ಕಿಡ್ನಿ ಉಳಿಯುತ್ತಿರಲಿಲ್ಲ. ಆದರೆ ಗಡ್ಡೆಯ ಹುಡುಕಾಟ ಆರು ತಿಂಗಳು ಮೊದಲೇ ಶುರುವಾಗುತ್ತಿತ್ತು. ಆ ಆರು ತಿಂಗಳು ನನ್ನ ಲೆಕ್ಕದಲ್ಲಿ ಇವತ್ತಿಗೂ ಬಾಕಿ ಇದೆ.

ಆ ಮೇಲೆ ಹುಡುಕಿ ಓದಿದೆ. ಬ್ರಸೆಲ್ಸ್‌ನಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆ ತಿಂದ ಹೆಂಗಸರ ಕಿಡ್ನಿಗಳು ಒಂದರ ಹಿಂದೊಂದು ಸೋತವು. ಅಲ್ಲಿ ಹಾನ್ ಫಾಂಗ್‌ಚಿ ಎಂಬ ಬೇರಿನ ಜಾಗಕ್ಕೆ ಅರಿಸ್ಟೊಲೋಕಿಯ ಕುಲದ ಗುವಾಂಗ್ ಫಾಂಗ್‌ಚಿ ಬಂದಿತ್ತು, ಒಂದೇ ಒಂದು ಅಕ್ಷರದ ದೂರ. ಅವರಲ್ಲಿ ಕಿಡ್ನಿ ಮತ್ತು ಮೂತ್ರನಾಳಗಳನ್ನು ಮುಂಜಾಗ್ರತೆಗಾಗಿ ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಇತ್ತೆಂದು 2000ದಲ್ಲಿ ವರದಿಯಾಯಿತು. ಡ್ಯಾನ್ಯೂಬ್ ಬಯಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಕಾಡಿದ ಕಿಡ್ನಿ ರೋಗದ ಮೂಲವೂ ಇದೇ ಕುಲದ ಗಿಡ. ಅಲ್ಲಿ ಅದು ಯಾರ ಔಷಧಿಯೂ ಆಗಿರಲಿಲ್ಲ, ಗೋಧಿ ಹೊಲದ ಕಳೆಯಾಗಿ ರೊಟ್ಟಿಯ ಹಿಟ್ಟಿಗೆ ಸೇರುತ್ತಿತ್ತು. ಇದನ್ನು ಓದಿದ ಮೇಲೆ "ಚೀನೀ ಔಷಧಿ ಒಳ್ಳೆಯದೋ ಕೆಟ್ಟದ್ದೋ" ಎಂಬ ಪ್ರಶ್ನೆಯನ್ನೇ ನಾನು ಕೈಬಿಟ್ಟೆ. ಯಾವ ಗಿಡ, ಯಾವ ಭಾಗ, ಎಷ್ಟು, ಎಷ್ಟು ದಿನ ಎಂದು ಮಾತ್ರ ಕೇಳತೊಡಗಿದೆ. ಹೆಸರು ಒಂದು, ಗಿಡ ಎರಡು ಎಂಬ ತೊಡಕು ನಮಗೇನು ಹೊಸದಲ್ಲ. ಬ್ರಾಹ್ಮಿ ಎಂದರೆ ಒಬ್ಬರು ಒಂದೆಲಗ ತಂದುಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ. ಅಲ್ಲಿ ಇಂಥ ಅಪಾಯವಿಲ್ಲ, ಅಷ್ಟೇ ವ್ಯತ್ಯಾಸ.

ಕೇಳುವ ರೀತಿಯನ್ನು ನಾನು ನರ್ಸ್‌ನಿಂದ ಮತ್ತು ನನ್ನ ಅಮ್ಮನಿಂದ ಕಟ್ಟಿಕೊಂಡೆ. ಉಷ್ಣವಾದರೆ ಏನು, ಶೀತವಾದರೆ ಏನು? ಬಾಣಂತನದಲ್ಲಿ ಏನು ಕುಡಿದಿರಿ? ಭಾನುವಾರದ ಸೂಪಿಗೆ ಯಾವ ಬೇರು ಹಾಕುತ್ತೀರಿ? ಈ ಮಾತುಗಳು ಆ ಜನಕ್ಕೆ ಎಷ್ಟು ಹತ್ತಿರ ಎಂದು ಕಂಡು ಬೆರಗಾದೆ. ಚೀನೀಯರಿಗೆ ಪಥ್ಯಕ್ಕೆ ಬೇರೆಯೇ ಪದವಿದೆ, ಚಿಖೌ. ಕಷಾಯದ ಅಳತೆ ಮೂರು ಬಟ್ಟಲು ನೀರು ಒಂದು ಬಟ್ಟಲಿಗೆ ಇಳಿಯುವ ತನಕ. ಅಮ್ಮ ಕಾಲು ಭಾಗಕ್ಕೆ ಬತ್ತಿಸುತ್ತಿದ್ದಳು ಎಂದು ನಾನು ಹೇಳಿದರೆ ಮುದುಕರು ತಲೆಯಾಡಿಸಿ, ಆಮೇಲೆ ಎಲ್ಲವನ್ನೂ ಹೇಳುತ್ತಿದ್ದರು. ಹಣ್ಣುಗಳ ಬಗ್ಗೆಯೂ ಕೇಳುತ್ತಿದ್ದೆ. ದಕ್ಷಿಣ ಕನ್ನಡದವರು ದಾರೆಹುಳಿ ಎನ್ನುವ ನಕ್ಷತ್ರದಾಕಾರದ ಹಣ್ಣು ಡಯಾಲಿಸಿಸ್‌ನಲ್ಲಿರುವವರಿಗೆ ನಿಲ್ಲದ ಬಿಕ್ಕಳಿಕೆ ತರಿಸಿ, ಬುದ್ಧಿ ಮಂಕಾಗಿಸಿ, ಅಪಸ್ಮಾರಕ್ಕೂ ಒಯ್ಯಬಲ್ಲದು.

ಇನ್ನೊಂದು ಪದ್ಧತಿ ಮಾಡಿದೆ: ಮುಂದಿನ ಸಲ ಬರುವಾಗ ಮನೆಯಲ್ಲಿರುವುದನ್ನೆಲ್ಲ ಒಂದು ಚೀಲದಲ್ಲಿ ತನ್ನಿ. ಬೈಯುವುದಿಲ್ಲ, ಕಸಕ್ಕೆ ಹಾಕುವುದಿಲ್ಲ. ಈ ಭರವಸೆಯನ್ನು ಒಮ್ಮೆಯೂ ಮುರಿಯಲಿಲ್ಲ. ಚೀಲಗಳಿಂದ ಬೇರು, ತೊಗಟೆ, ಒಣ ಹಣ್ಣು, ಹೆಸರಿಲ್ಲದ ಪೊಟ್ಟಣ ಬಂದವು. ಪರಿಚಯದ ಒಬ್ಬ ಸಿನ್ಸೆ, ಅಂದರೆ ಅಲ್ಲಿನ ನೋಂದಾಯಿತ ಚೀನೀ ವೈದ್ಯರು, ಅವನ್ನು ಗುರುತಿಸಿಕೊಡುತ್ತಿದ್ದರು. ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಬೇರುಗಳಲ್ಲ, ಮಂಡಿನೋವಿಗೆಂದು ಪೊಟ್ಟಣದಲ್ಲಿ ಬರುವ ಪುಡಿಗಳು. ಅಂಥವುಗಳಲ್ಲಿ ನೋವುನಿವಾರಕ, ಸ್ಟಿರಾಯ್ಡ್ ಬೆರೆತಿರುವುದುಂಟು.

ಸಿನ್ಸೆಯವರಿಂದ ನಾನು ಕಲಿತ ದೊಡ್ಡ ವಿಷಯ "ಶೆನ್" ಎಂಬ ಪದದ್ದು. ಅದನ್ನು ಕಿಡ್ನಿ ಎಂದು ಅನುವಾದ ಮಾಡುತ್ತಾರೆ. ಆದರೆ ಅವರ ಶೆನ್ ಎಲುಬು, ಕೂದಲು, ಕಿವಿ, ಸಂತಾನಶಕ್ತಿ, ಮುಪ್ಪು ಎಲ್ಲವನ್ನೂ ಹೊತ್ತಿರುವ ಒಂದು ಶಕ್ತಿಯ ನೆಲೆ. ಸೊಂಟ ನೋಯುವ, ಕೂದಲು ಉದುರುವ ಮನುಷ್ಯನಿಗೆ ಶೆನ್ ದುರ್ಬಲ ಎಂದರೆ ಅವನು ಹೆದರಿ ನನ್ನ ಬಳಿ ಬರುತ್ತಾನೆ, ಅವನ ಕ್ರಿಯಾಟಿನಿನ್ ಚೊಕ್ಕವಾಗಿರುತ್ತದೆ. ನಿಜವಾಗಿ ಕಿಡ್ನಿ ಸೋಲುತ್ತಿರುವವನಿಗೆ ಯಾವ ನೋವೂ ಇರುವುದಿಲ್ಲ, ಅವನು ಬರುವುದೇ ಇಲ್ಲ. ಈ ಎರಡು ಅರ್ಥಗಳನ್ನು ರೋಗಿಗೆ ಬಿಡಿಸಿ ಹೇಳಲು ನಾನು ಹತ್ತು ನಿಮಿಷ ಕೊಡುತ್ತೇನೆ. ಆ ಹತ್ತು ನಿಮಿಷ ಯಾವತ್ತೂ ವ್ಯರ್ಥವಾಗಿಲ್ಲ.

ಎಲ್ಲವನ್ನೂ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಹುವಾಂಗ್‌ಚಿ ಬೇರು ಮೂತ್ರದ ಪ್ರೋಟೀನ್ ತಗ್ಗಿಸಬಹುದೆಂದು ಹಲವು ಸಣ್ಣ ಅಧ್ಯಯನಗಳಿವೆ, ಅವುಗಳ ಗುಣಮಟ್ಟ ಗಟ್ಟಿಯಿಲ್ಲ. ಸೂಪಿನಲ್ಲಿ ಎರಡು ಚೂರು ಹಾಕಿಕೊಳ್ಳುವವರನ್ನು ತಡೆಯುವುದಿಲ್ಲ, ಪೊಟ್ಯಾಸಿಯಂ ಮಾತ್ರ ನೋಡುತ್ತೇನೆ. ದಾಹುವಾಂಗ್ ಎಂಬ ಬೇರು ಭೇದಿ ಮಾಡಿಸುತ್ತದೆ. ರಕ್ತದೊತ್ತಡದ ಮಾತ್ರೆ ತಿನ್ನುತ್ತಿರುವವರಿಗೆ ನೀರು ಹೋದರೆ ಒಂದೇ ವಾರದಲ್ಲಿ ಕಿಡ್ನಿ ಕುಸಿಯಬಹುದು, ಅದಕ್ಕೆ ಬೇಡ ಎನ್ನುತ್ತೇನೆ. ಜ್ಯೇಷ್ಠಮಧು ದಿನವೂ ಬೇಡ, ಅದು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಕಿಡ್ನಿ ಕಸಿಯಾದವರು ವೂವೆಯ್‌ಜಿ ಎಂಬ ಒಣ ಹಣ್ಣು ಮುಟ್ಟಿದರೆ, ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕದಂತೆ ಕೊಡುವ ಟ್ಯಾಕ್ರೋಲಿಮಸ್ ಔಷಧಿಯ ಮಟ್ಟ ರಕ್ತದಲ್ಲಿ ಏರುತ್ತದೆ. ಅರಿಸ್ಟೊಲೋಕಿಯ ಕುಲದ್ದಕ್ಕೆ ಮಾತ್ರ ಚೌಕಾಸಿಯಿಲ್ಲ.

ಕಳೆದ ಸಲ ಊರಿಗೆ ಹೋಗಿದ್ದಾಗ ತೀರ್ಥಹಳ್ಳಿಯ ಹತ್ತಿರದ ನಮ್ಮ ಮನೆಯ ಬೇಲಿಯಲ್ಲಿ ಈಶ್ವರಿ ಬಳ್ಳಿ ಹಬ್ಬಿರುವುದನ್ನು ಕಂಡೆ. ಚಿಕ್ಕಂದಿನಿಂದ ನೋಡಿದ್ದೇ, ಆದರೆ ಅದರ ಶಾಸ್ತ್ರೀಯ ಹೆಸರು ನೆನಪಾಗಿ ಈಗ ಎದೆ ಝಲ್ಲೆಂದಿತು. ಅದು ಅರಿಸ್ಟೊಲೋಕಿಯ ಇಂಡಿಕಾ. ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ಬೇರು ತೇದು ಕೊಡುವುದು ಅಲ್ಲಿನ ರೂಢಿ.

"ಚಿಕ್ಕಪ್ಪ, ಈ ಬೇರನ್ನು ನೀವು ಕುಡಿಯುತ್ತೀರಾ?"

"ಔಷಧಿಯಾಗಿ ಅಲ್ಲ ಮಗಳೇ. ಹೊಟ್ಟೆ ಉಬ್ಬರಿಸಿದಾಗ ತೇದು ಮಜ್ಜಿಗೆಗೆ ಹಾಕಿಕೊಳ್ಳುತ್ತೇನೆ, ಅಷ್ಟೇ."

"ಎಷ್ಟು ವರ್ಷದಿಂದ?"

ಅವರು ಬೆರಳು ಮಡಿಸಿ ಲೆಕ್ಕ ಹಾಕತೊಡಗಿದರು. ನಾನು ಬ್ರಸೆಲ್ಸಿನ ಹೆಂಗಸರ ಕತೆಯನ್ನೂ ಆಂಟಿಯ ಕತೆಯನ್ನೂ ಜಗಲಿಯಲ್ಲಿ ಕುಳಿತು ಹೇಳಿದೆ. ಮರುದಿನ ಬೆಳಿಗ್ಗೆ ಅವರನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಕ್ತ, ಮೂತ್ರ, ಸ್ಕ್ಯಾನ್ ಮಾಡಿಸಿದೆ. ಕ್ರಿಯಾಟಿನಿನ್ 1.1. ಮೂತ್ರದಲ್ಲಿ ರಕ್ತ ಇಲ್ಲ. ವರ್ಷಕ್ಕೊಮ್ಮೆ ಮೂತ್ರ ಪರೀಕ್ಷೆ ಮಾಡಿಸುತ್ತೇನೆಂದು ಒಪ್ಪಿಕೊಂಡಿದ್ದಾರೆ, ಹೊಟ್ಟೆಗೆ ಈಗ ಓಮದ ನೀರು.

ಬಳ್ಳಿಯನ್ನು ಕೀಳಿಸಲಿಲ್ಲ. ಎಲೆಗಳ ಅಡಿಯಲ್ಲಿ ಕೆಂಪು ಮುಳ್ಳಿನಂಥ ಗುಬುಟುಗಳಿರುವ ಕಪ್ಪು ಕಂಬಳಿಹುಳುಗಳಿದ್ದವು, ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗಳು. ಅದೇ ವಿಷವನ್ನು ತಿಂದು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತವೆ. ಚಿಕ್ಕಪ್ಪ ಅವನ್ನು ಎಣಿಸಿ ಏಳು ಇವೆ ಎಂದರು.